ಕಾರಿನ ಫೋಟೊ ತೆಗೆಯಲು ಲಕ್ಷ ರೂಪಾಯಿ ಕ್ಯಾಮೆರಾ ಬೇಕಾಗಿಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಕ್ಯಾಮೆರಾ ಲೇಖನ ಓದಿದೆ. ಕಾರು, ಬೈಕಿನ ಫೋಟೊ ತೆಗೆಯುವ ಹುಡುಗರಿಗೆ ಯಾವುದು ಒಳ್ಳೆಯದು ಅಂತ ಬರೆದಿದ್ದಾರೆ. ವಿಷಯ ಒಳ್ಳೆಯದೇ. ಕನ್ನಡ ಪತ್ರಿಕೆಯಲ್ಲಿ ಇಂಥದ್ದು ಬರುವುದೇ ಅಪರೂಪ. ಆದರೆ ಪಟ್ಟಿಯಲ್ಲಿ ಇದ್ದದ್ದೆಲ್ಲ ಫುಲ್ ಫ್ರೇಮ್ ಕ್ಯಾಮೆರಾಗಳು, ಅಂದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವವು, ಲೆನ್ಸ್ ಸೇರಿಸಿದರೆ ಒಂದೂ ಲಕ್ಷದಿಂದ ಕೆಳಗೆ ಇಳಿಯುವುದಿಲ್ಲ. ಕೊನೆಯಲ್ಲಿ, ದುಡ್ಡು ಕಡಿಮೆ ಇರುವವರು ಮೊಬೈಲನ್ನೇ ಬಳಸಬಹುದು ಅಂತ ಒಂದೇ ಒಂದು ಸಾಲು. ಹಾಗಾದರೆ ಲಕ್ಷಕ್ಕೂ ಮೊಬೈಲಿಗೂ ನಡುವೆ ಏನೂ ಇಲ್ವಾ? ನಾವೆಲ್ಲ ಇರುವುದು ಆ ನಡುವಿನಲ್ಲೇ. ಪತ್ರ ಸ್ವಲ್ಪ ಉದ್ದವಾಗಬಹುದು. ಕತ್ತರಿ ಹಾಕುವುದಾದರೆ ಹಾಕಿ, ಆದರೆ ಫಿಲ್ಟರಿನ ವಿಷಯ ಮಾತ್ರ ಬಿಡಬೇಡಿ.

ನಮ್ಮ ಕಾಸರಗೋಡಿನ ಕಡೆ ಕಾರಿನ ಫೋಟೊ ಅಂದರೆ ಬರೀ ಶೋಕಿ ಅಲ್ಲ. ಉಪ್ಪಳ, ಕುಂಬಳೆ, ಬದಿಯಡ್ಕ, ಎಲ್ಲಿ ಹೋದರೂ ಗಲ್ಫಿನಲ್ಲಿ ಒಬ್ಬರಾದರೂ ಇರುವ ಮನೆಗಳೇ ಜಾಸ್ತಿ. ಅವರು ಊರಿನಲ್ಲಿರುವ ಅಪ್ಪ ಅಮ್ಮನ ಓಡಾಟಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕುತ್ತಾರೆ. ಹುಡುಕುವುದು ಎಲ್ಲಿಂದ? ಶಾರ್ಜಾದ ರೂಮಿನಲ್ಲಿ ಮಂಚದ ಮೇಲೆ ಕೂತು, ವಾಟ್ಸಾಪಿನಲ್ಲಿ. ಅಡ್ವಾನ್ಸ್ ಬರುವುದೂ ಆ ಫೋಟೊ ನೋಡಿಯೇ. ಇನ್ನು ತಲಪಾಡಿ ಗಡಿಯ ಆಚೆ ಕೆಎ 19, ಈಚೆ ಕೆಎಲ್ 14. ಒಂದು ಬದಿಯ ಗಾಡಿ ಇನ್ನೊಂದು ಬದಿಯವರಿಗೆ ಮಾರಾಟವಾಗಬೇಕಾದರೆ ಎನ್‌ಒಸಿ, ಹೊಸ ರಿಜಿಸ್ಟ್ರೇಷನ್, ಟ್ಯಾಕ್ಸ್ ಅಂತ ಒಂದಷ್ಟು ಅಲೆದಾಟ ಇದೆ. ಹಾಗಾಗಿ ಮಂಗಳೂರಿನವರು ಸುಮ್ನೆ ನೋಡಿ ಬರೋಣ ಅಂತ ಪೆರ್ಲದವರೆಗೆ ಬರುವುದಿಲ್ಲ. ಫೋಟೊದಲ್ಲಿ ಗಾಡಿ ಸರಿ ಕಂಡರೆ ಮಾತ್ರ ಹೊರಡುತ್ತಾರೆ.

ಈ ಫೋಟೊಗಳಲ್ಲಿ ಮೋಸವೂ ಇದೆ. ಬೊನೆಟ್ಟಿನ ಮೇಲೆ ಒಂದು ಬಕೆಟ್ ನೀರು ಹೊಯ್ದು, ಒಣಗುವ ಮೊದಲು ಫೋಟೊ ತೆಗೆಯುವುದು ಹಳೆಯ ಉಪಾಯ. ಒದ್ದೆ ಬಣ್ಣದಲ್ಲಿ ಸಣ್ಣ ಗೀರು ಕಾಣುವುದಿಲ್ಲ, ಮಾಸಿದ ಬಣ್ಣವೂ ಹೊಳೆಯುತ್ತದೆ. ನೀರು ಹೊಯ್ದ ಕಾರಿನ ಫೋಟೊ ಬಂದರೆ, ಒಣಗಿದ ಮೇಲೆ ಇನ್ನೊಂದು ಕಳಿಸಿ ಅಂತ ಕೇಳಲು ಯಾರೂ ನಾಚಬೇಕಾಗಿಲ್ಲ.

ಮೊದಲು ಮೊಬೈಲಿನ ವಿಷಯ. ಮೊಬೈಲಿನಲ್ಲಿ ಒಳ್ಳೆಯ ಫೋಟೊ ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಬರುತ್ತದೆ. ತೊಂದರೆ ಇರುವುದು ನಾವು ನಿಲ್ಲುವ ಜಾಗದಲ್ಲಿ. ಹೆಚ್ಚಿನ ಮೊಬೈಲಿನ ಮುಖ್ಯ ಕ್ಯಾಮೆರಾ ಫುಲ್ ಫ್ರೇಮ್ ಲೆಕ್ಕದಲ್ಲಿ 24ರಿಂದ 26 ಮಿ.ಮೀ. ಲೆನ್ಸಿಗೆ ಸಮ, ಅಂದರೆ ವೈಡ್, ಹೆಚ್ಚು ಅಗಲ ಹಿಡಿಯುವಂಥದ್ದು. ನಾಲ್ಕು ಮೀಟರ್ ಉದ್ದದ ಒಂದು ಸಾಮಾನ್ಯ ಕಾರು, ಆಚೀಚೆ ಸ್ವಲ್ಪ ಜಾಗ ಬಿಟ್ಟು ಅದರಲ್ಲಿ ತುಂಬಬೇಕಾದರೆ ನೀವು ಮೂರೂವರೆ ಮೀಟರ್ ದೂರದಲ್ಲಿ ನಿಂತರೆ ಸಾಕು. ಅಷ್ಟು ಹತ್ತಿರದಿಂದ ಮೂಲೆಗೆ ನಿಂತು ತೆಗೆದರೆ ಹತ್ತಿರದ ಹೆಡ್‌ಲೈಟ್ ಊದಿಕೊಂಡು ಕಾಣುತ್ತದೆ, ಹಿಂದಿನ ಚಕ್ರ ಸಣ್ಣದಾಗುತ್ತದೆ, ಸ್ವಿಫ್ಟ್ ಕೂಡ ಮೂಗು ದಪ್ಪ ಆದ ಯಾವುದೋ ಬೇರೆ ಗಾಡಿಯ ಹಾಗೆ ಇರುತ್ತದೆ. ಇದು ಲೆನ್ಸಿನ ದೋಷ ಅಂತ ಹಲವರು ತಿಳಿದಿದ್ದಾರೆ. ಅಲ್ಲ, ದೂರದ ದೋಷ. ಅದೇ ಕಾರಿಗೆ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ಜೊತೆ ಬರುವ 18-55 ಮಿ.ಮೀ. ಜೂಮ್ ಲೆನ್ಸನ್ನು 55ಕ್ಕೆ ತಿರುಗಿಸಿದರೆ ನೀವು ಸುಮಾರು ಹನ್ನೆರಡು ಮೀಟರ್ ಹಿಂದೆ ಹೋಗಬೇಕಾಗುತ್ತದೆ. ಹದಿನೈದು ಹದಿನಾರು ಹೆಜ್ಜೆ. ಅಲ್ಲಿಂದ ತೆಗೆದ ಕಾರು ಕಾರಿನ ಹಾಗೇ ಇರುತ್ತದೆ. ಮೊಬೈಲ್ ಒಂದೇ ಇರುವವರು 2ಎಕ್ಸ್ ಒತ್ತಿ ಏಳು ಮೀಟರ್ ಹಿಂದೆ ಹೋಗಿ ನೋಡಿ. ಬಿಡಿಕಾಸು ಖರ್ಚಿಲ್ಲದೆ ಅರ್ಧ ಸಮಸ್ಯೆ ಮುಗಿಯಿತು. ನಿಮ್ಮ ಲೇಖನದಲ್ಲಿ ಇಷ್ಟಾದರೂ ಇರಬೇಕಿತ್ತು.

ಇನ್ನು ಕ್ಯಾಮೆರಾ ತೆಗೆದುಕೊಳ್ಳುವವರಿಗೆ. ಇಪ್ಪತ್ತೈದು ಮೂವತ್ತು ಸಾವಿರ ಕೈಯಲ್ಲಿಟ್ಟುಕೊಂಡು ಅಂಗಡಿಗೆ ಹೋದರೆ ಮೊದಲು ಕೈಗೆ ಕೊಡುವುದು ದೊಡ್ಡ ಜೂಮಿನ, ಲೆನ್ಸ್ ಬದಲಾಯಿಸಲಾಗದ ಕ್ಯಾಮೆರಾ. ನಲವತ್ತು ಎಕ್ಸ್, ಅರವತ್ತು ಎಕ್ಸ್ ಅಂತ ಮೇಲೆ ಬರೆದಿರುತ್ತದೆ. ನೋಡಲು ಡಿಎಸ್‌ಎಲ್‌ಆರ್ ತರಹವೇ ಇರುತ್ತದೆ, ಸೀಲು ಒಡೆಯದ ಹೊಸ ಪೆಟ್ಟಿಗೆ ಬೇರೆ. ಆದರೆ ಒಳಗಿನ ಸೆನ್ಸರ್ ಸಾಮಾನ್ಯವಾಗಿ 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಅಷ್ಟೇ. ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ನಲ್ಲಿ ಇರುವ ಎಪಿಎಸ್-ಸಿ ಸೆನ್ಸರ್ ಸುಮಾರು 22ರಿಂದ 23 ಮಿ.ಮೀ. ಅಗಲ, 15 ಮಿ.ಮೀ. ಎತ್ತರ. ವಿಸ್ತೀರ್ಣ ಲೆಕ್ಕ ಹಾಕಿದರೆ ಸುಮಾರು ಹನ್ನೆರಡು ಪಟ್ಟು. ಈಗಿನ ಒಳ್ಳೆಯ ಮೊಬೈಲಿನ ಸೆನ್ಸರ್ ಕೂಡ ಆ ಜೂಮ್ ಕ್ಯಾಮೆರಾದ್ದಕ್ಕಿಂತ ದೊಡ್ಡದು. ಹಕ್ಕಿ ನೋಡುವವರಿಗೆ, ಮಗುವಿನ ಸ್ಕೂಲ್ ಡೇಗೆ ಅದು ಬೇಕಾದೀತು. ಕಾರಿಗೆ ಖಂಡಿತ ಬೇಡ. ಕಾರು ಓಡಿಹೋಗುವುದಿಲ್ಲ, ಮರದ ತುದಿಯಲ್ಲೂ ಕೂರುವುದಿಲ್ಲ.

ನನ್ನ ಮಟ್ಟಿಗೆ ಉತ್ತರ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್. ಡಿಎಸ್‌ಎಲ್‌ಆರ್ ಕಾಲ ಮುಗಿಯಿತಲ್ಲ ಅಂತ ಹುಡುಗರು ಹೇಳುತ್ತಾರೆ. ಹೌದು, ಹೆಚ್ಚಿನ ಕಂಪನಿಗಳು ಮಿರರ್‌ಲೆಸ್, ಅಂದರೆ ಕನ್ನಡಿ ಇಲ್ಲದ ಕ್ಯಾಮೆರಾಗಳ ಕಡೆ ತಿರುಗಿವೆ, ಅದಕ್ಕೇ ಇವು ಅಗ್ಗವಾಗಿರುವುದು! ಮದುವೆ ಫೋಟೊ ತೆಗೆಯುವವರು ಮಿರರ್‌ಲೆಸ್‌ಗೆ ಹೋಗುವಾಗ ಹಳೆಯದನ್ನು ಕೊಟ್ಟು ಹೋಗುತ್ತಾರೆ. ಮುಂದೆ ನೀವೂ ಕ್ಯಾನನ್ ಮಿರರ್‌ಲೆಸ್ ತೆಗೆದುಕೊಂಡರೆ ಈಗಿನ ಲೆನ್ಸ್ ಎಸೆಯಬೇಕಾಗಿಲ್ಲ, ಅಡಾಪ್ಟರ್ ಹಾಕಿದರೆ ಕೆಲಸ ಮಾಡುತ್ತದೆ.

ಯಾವುದು ಅಂತ ಕೇಳಿದರೆ, ಕಾರಿನ ಮಟ್ಟಿಗೆ ನಾನು ಕ್ಯಾನನ್ 200ಡಿ ಅನ್ನುತ್ತೇನೆ. 2017ರಲ್ಲಿ ಬಂದದ್ದು, 24 ಮೆಗಾಪಿಕ್ಸೆಲ್, ಬ್ಯಾಟರಿ ಸೇರಿ ಅರ್ಧ ಕಿಲೋಕ್ಕಿಂತ ಕಡಿಮೆ ತೂಕ. ಕಾರಣ ಮೆಗಾಪಿಕ್ಸೆಲ್ ಅಲ್ಲ, ಹಿಂದಿನ ಸ್ಕ್ರೀನು. ಕಾರಿನ ಫೋಟೊವನ್ನು ನಿಂತ ಎತ್ತರದಿಂದ ತೆಗೆದರೆ ರೂಫೇ ಜಾಸ್ತಿ ಕಾಣುತ್ತದೆ, ಗಾಡಿಗೆ ಗತ್ತು ಬರುವುದಿಲ್ಲ. ಹೆಡ್‌ಲೈಟಿನ ಎತ್ತರಕ್ಕೆ ಕ್ಯಾಮೆರಾ ಇಳಿಯಬೇಕು. 200ಡಿಯ ಸ್ಕ್ರೀನು ಹೊರಕ್ಕೆ ತೆರೆದು ತಿರುಗುತ್ತದೆ, ಹಾಗಾಗಿ ಕೆಸರಿನಲ್ಲಿ ಮೊಣಕಾಲೂರದೆ, ಕ್ಯಾಮೆರಾವನ್ನು ಸೊಂಟದ ಕೆಳಗೆ ಹಿಡಿದು ಮೇಲಿನಿಂದ ನೋಡುತ್ತಾ ಒತ್ತಬಹುದು. ಸ್ಕ್ರೀನ್ ನೋಡಿ ತೆಗೆಯುವಾಗಲೂ ಅದರ ಫೋಕಸ್ ಬೇಗ ಹಿಡಿಯುತ್ತದೆ. ನಿಕಾನ್ ಡಿ5300ರಲ್ಲೂ ತಿರುಗುವ ಸ್ಕ್ರೀನ್ ಇದೆ, ಚಿತ್ರವೂ ಬಹಳ ಚೆಂದ, ಆದರೆ ಸ್ಕ್ರೀನಿನಲ್ಲಿ ಫೋಕಸ್ ಮಾಡುವಾಗ ಅದು ಹಿಂದೆ ಮುಂದೆ ತಡಕಾಡುತ್ತದೆ. ನಿಂತ ಕಾರಿಗೆ ಪರವಾಗಿಲ್ಲ. ನಿಕಾನ್ ಡಿ3500, ಕ್ಯಾನನ್ 1500ಡಿ ಎರಡೂ 2018ರವು, 24 ಮೆಗಾಪಿಕ್ಸೆಲ್, ಕೆಟ್ಟವಲ್ಲ, ಆದರೆ ಸ್ಕ್ರೀನ್ ಅಲುಗುವುದಿಲ್ಲ. ಮೊಣಕಾಲು ಗಟ್ಟಿ ಇರುವವರು ತೆಗೆದುಕೊಳ್ಳಿ. ಹೊಸದೇ ಬೇಕು, ವಾರಂಟಿ ಬೇಕು ಅನ್ನುವವರಿಗೆ ಕ್ಯಾನನ್ ಆರ್50 ಇದೆ. ಆದರೆ ಅದು ಅರ್ಧ ಲಕ್ಷ ದಾಟುತ್ತದೆ, ನನ್ನ ಪತ್ರದ ಗಡಿಯಿಂದ ಹೊರಗೆ.

ನಿಕಾನ್ ತೆಗೆದುಕೊಳ್ಳುವವರಿಗೆ ಒಂದು ಎಚ್ಚರಿಕೆ. ಡಿ3000 ಮತ್ತು ಡಿ5000 ಸಾಲಿನ ಬಾಡಿಗಳೊಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಗುತ್ತದೆ ಅಂತ, ತನ್ನೊಳಗೆ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ತಂದರೆ ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಕೂರಬೇಕು. ಲೆನ್ಸಿನ ಮೇಲೆ ಎಎಫ್-ಎಸ್ ಅಂತ ಇದೆಯಾ ನೋಡಿ, ಇದ್ದರೆ ಮೋಟರ್ ಲೆನ್ಸಿನೊಳಗೇ ಇರುತ್ತದೆ.

ಲೆನ್ಸ್ ಅಂದಾಗ ಎಲ್ಲರೂ 50 ಮಿ.ಮೀ. ಎಫ್/1.8 ಹಿಂದೆ ಬೀಳುತ್ತಾರೆ. ಒಳ್ಳೆಯ ಲೆನ್ಸೇ, ಬೆಲೆಯೂ ಕಡಿಮೆ. ಎಫ್ ಅಂಕೆ ಸಣ್ಣದಾದಷ್ಟೂ ಲೆನ್ಸಿನ ಬಾಯಿ ದೊಡ್ಡದಾಗುತ್ತದೆ, ಸ್ಪಷ್ಟವಾಗಿ ಬರುವ ಆಳ ಕಡಿಮೆಯಾಗುತ್ತದೆ. ಆದರೆ ಹುಡುಗರು ಅದನ್ನು 1.8ರಿಂದ ಕದಲಿಸುವುದೇ ಇಲ್ಲ. ಹಿಂದಿನದ್ದೆಲ್ಲ ಮಸುಕಾದರೆ ಪ್ರೊಫೆಷನಲ್ ಅಂತ ಲೆಕ್ಕ. ಕಾರು ನಾಲ್ಕು ಮೀಟರ್ ಉದ್ದ ಇದೆ ಮಾರಾಯ್ರೆ! ಹತ್ತಿರ ಹೋಗಿ ಮುಂದಿನ ಲೋಗೋಕ್ಕೆ ಫೋಕಸ್ ಇಟ್ಟರೆ ಹಿಂದಿನ ಬಾಗಿಲೇ ಮಬ್ಬಾಗುತ್ತದೆ. ಕೊಳ್ಳುವವನಿಗೆ ಅದರಿಂದ ಏನು ಪ್ರಯೋಜನ? ಇಡೀ ಗಾಡಿ ಸ್ಪಷ್ಟ ಬೇಕಾದರೆ ಎಫ್/5.6ರಿಂದ 8ರ ಒಳಗೆ ಇಡಿ. ಅಲ್ಲಿ ಸಾದಾ 18-55 ಕೂಡ ಸಾಕಷ್ಟು ಸ್ಪಷ್ಟ ಚಿತ್ರ ಕೊಡುತ್ತದೆ. ಹಾಗಾಗಿ ಮೊದಲ ವರ್ಷ ಬೇರೆ ಲೆನ್ಸಿಗೆ ಕೈಹಾಕಬೇಡಿ. ಓಡುವ ಗಾಡಿ, ರಾಣಿಪುರಂ ಬೆಟ್ಟದ ದಾರಿಯ ಜೀಪು ಅಂತೆಲ್ಲ ಆಸೆ ಹುಟ್ಟಿದ ಮೇಲೆ, ದೂರದ್ದನ್ನು ಹತ್ತಿರ ತರುವ ಒಂದು 55-250 ಮಿ.ಮೀ. ಲೆನ್ಸ್ ನೋಡಿದರಾಯಿತು.

ಈಗ ಫಿಲ್ಟರ್. ಕಾರಿನ ಫೋಟೊಗೆ ಕ್ಯಾಮೆರಾ ಬಾಡಿಗಿಂತ ಹೆಚ್ಚು ವ್ಯತ್ಯಾಸ ಮಾಡುವುದು ಸರ್ಕ್ಯುಲರ್ ಪೋಲರೈಸರ್ ಅನ್ನುವ ಒಂದು ಗಾಜು. ಅಂಗಡಿಯಲ್ಲಿ ಸಿಪಿಎಲ್ ಅಂತ ಕೇಳಿ. ಲಕ್ಷದ ಪಟ್ಟಿ ಕೊಟ್ಟ ನಿಮ್ಮ ಲೇಖನದಲ್ಲಿ ಇದರ ಹೆಸರೇ ಇರಲಿಲ್ಲ. ಲೆನ್ಸಿನ ಮೂತಿಗೆ ತಿರುಗಿಸಿ ಕೂರಿಸುವುದು, ಅದರ ಹೊರಗಿನ ಬಳೆ ಮಾತ್ರ ಮತ್ತೂ ತಿರುಗುತ್ತಾ ಇರುತ್ತದೆ. ಅಂಗಳದಲ್ಲಿ ನಿಂತ ಕಾರಿನ ಎದುರಿನ ಗಾಜನ್ನು ಓರೆಯಿಂದ ನೋಡಿ. ಗಾಜಿನ ತುಂಬ ತೆಂಗಿನ ಗರಿ, ಬಿಳಿ ಆಕಾಶ, ಒಂದು ವಿದ್ಯುತ್ ತಂತಿ. ಒಳಗೆ ಏನಿದೆ ಅಂತ ಕಾಣುವುದಿಲ್ಲ. ಕ್ಯಾಮೆರಾದಲ್ಲಿ ನೋಡುತ್ತಾ ಬಳೆಯನ್ನು ನಿಧಾನ ತಿರುಗಿಸಿ. ಗರಿಗಳು ತೆಳುವಾಗುತ್ತವೆ, ತಂತಿ ಅಳಿಸಿಹೋಗುತ್ತದೆ, ಸ್ಟೇರಿಂಗ್ ಕಾಣುತ್ತದೆ, ಆಮೇಲೆ ಡ್ಯಾಶ್‌ಬೋರ್ಡಿನ ಮೇಲಿನ ಸಣ್ಣ ಗಣಪತಿ, ಅದರ ಪಕ್ಕದ ಒಣಗಿದ ಮಲ್ಲಿಗೆ. ಇನ್ನೂ ತಿರುಗಿಸಿದರೆ ಮತ್ತೆ ಗರಿಗಳು ಬಂದು ಕೂರುತ್ತವೆ. ಇದನ್ನು ಕಂಪ್ಯೂಟರಿನಲ್ಲಿ ಆಮೇಲೆ ಮಾಡಲು ಹೊರಟರೆ ಬೆಳಗಾಗುತ್ತದೆ.

ಗಾಜಿನ ಮೇಲಿಂದ, ಬಣ್ಣದ ಮೇಲಿನ ವಾರ್ನಿಷ್ ಪದರದ ಮೇಲಿಂದ ಓರೆಯಾಗಿ ಹೊಳೆದು ಬರುವ ಬೆಳಕು ಒಂದೇ ದಿಕ್ಕಿಗೆ ಕಂಪಿಸುತ್ತದೆ, ಫಿಲ್ಟರ್ ಆ ದಿಕ್ಕನ್ನು ತಡೆಯುತ್ತದೆ. ಓರೆ ಬಹಳ ಮುಖ್ಯ. ಗಾಜಿಗೆ ನೇರ ಎದುರು ನಿಂತರೆ ಏನೂ ಆಗುವುದಿಲ್ಲ. ಗಾಜಿನ ಮೇಲ್ಮೈಯಿಂದ ಮೂವತ್ತೈದು ಡಿಗ್ರಿಯ ಹತ್ತಿರ ನೋಡುವಾಗ ಕೆಲಸ ಚೆನ್ನಾಗಿ ನಡೆಯುತ್ತದೆ. ಕಾರಿನ ಮೈ ಎಲ್ಲ ಕಡೆ ಬಾಗಿರುವುದರಿಂದ ಗಾಜಿನಲ್ಲಿ ಹೋದ ಹೊಳಪು ಬಾಗಿಲಿನಲ್ಲಿ ಉಳಿಯುತ್ತದೆ, ಬಾಗಿಲಿನಲ್ಲಿ ಹೋದದ್ದು ಬೊನೆಟ್ಟಿನಲ್ಲಿ ಉಳಿಯುತ್ತದೆ. ಯಾವುದು ಬೇಕು ಅಂತ ನೀವೇ ತೀರ್ಮಾನಿಸಬೇಕು. ಪೂರ್ತಿ ಹೊಳಪು ತೆಗೆದರೆ ಕಾರು ಸಪ್ಪೆಯಾಗುತ್ತದೆ, ಅರ್ಧಕ್ಕೆ ನಿಲ್ಲಿಸುವುದು ನನಗೆ ಇಷ್ಟ. ಹಳೆಯ ಅಂಬಾಸಿಡರಿನ ಕ್ರೋಮ್ ಬಂಪರಿಗೆ ಮಾತ್ರ ಇದರ ಆಟ ನಡೆಯುವುದಿಲ್ಲ. ಲೋಹದ ಹೊಳಪನ್ನು ಇದು ತಡೆಯುವುದಿಲ್ಲ, ಅಲ್ಲಿ ನಿಮ್ಮ ಲುಂಗಿ ಸಮೇತ ನೀವು ಕಾಣುತ್ತೀರಿ.

ಕೆಲವು ವಿಚಿತ್ರಗಳೂ ಇವೆ. ಹಿಂದಿನ ಗಾಜು, ಬಾಗಿಲಿನ ಗಾಜು ಟೆಂಪರ್ ಮಾಡಿದ್ದಾದರೆ ಫಿಲ್ಟರಿನಲ್ಲಿ ಸಾಲು ಸಾಲು ಕಪ್ಪು ಚುಕ್ಕಿಗಳು ಕಾಣಬಹುದು. ಗಾಜು ಹಾಳಾಗಿದೆ ಅಂತ ಗಾಬರಿ ಬೇಡ, ಗಾಜು ಹದ ಮಾಡುವಾಗ ಉಳಿದ ಒತ್ತಡದ ಗುರುತು ಅದು. ಒಳಗಿನ ಟಚ್ ಸ್ಕ್ರೀನ್ ಕೆಲವು ಕೋನದಲ್ಲಿ ಪೂರ್ತಿ ಕಪ್ಪಾಗುತ್ತದೆ, ಇದೂ ಫಿಲ್ಟರಿನದೇ ಕೆಲಸ. ಫಿಲ್ಟರ್ ಒಂದೂವರೆ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧವಾಗುವುದು), ಸಂಜೆ ಹೊತ್ತಿಗೆ ಬಿಚ್ಚಿಡಿ. ಫಿಲ್ಟರಿನ ಅಳತೆ ಲೆನ್ಸಿನ ಮೂತಿಗೆ ಸರಿಯಾಗಿರಬೇಕು. ಕ್ಯಾನನ್‌ನ 18-55ಕ್ಕೆ 58 ಮಿ.ಮೀ., ನಿಕಾನ್‌ನ ಹೊಸ 18-55ಕ್ಕೆ 55, ಹಳೆಯದಕ್ಕೆ 52. ಲೆನ್ಸ್ ಮುಚ್ಚಳದ ಹಿಂಬದಿಯಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ ಲೀನಿಯರ್ ಪೋಲರೈಸರ್ ಬೇಡ, ಡಿಎಸ್‌ಎಲ್‌ಆರ್‌ನ ಫೋಕಸ್ಸು, ಬೆಳಕಿನ ಲೆಕ್ಕ ತಪ್ಪಬಹುದು.

ಮಾರುವ ಗಾಡಿಯಾದರೆ ಫಿಲ್ಟರ್ ಹಾಕದೆಯೂ ಒಂದು ಫೋಟೊ ತೆಗೆಯಿರಿ. ಬಾಗಿಲಿನಲ್ಲಿ ಮನೆಯ ಸೂರಿನ ಗೆರೆ ನೇರವಾಗಿ ಪ್ರತಿಫಲಿಸುತ್ತಿದ್ದರೆ ತಗಡು ಸರಿ ಇದೆ ಅಂತ ಅರ್ಥ. ಗೆರೆ ಎಲ್ಲಿ ಸೊಟ್ಟಗಾಗುತ್ತದೋ ಅಲ್ಲಿ ಗುಳಿ ಬಿದ್ದಿದೆ, ಇಲ್ಲಾ ಪುಟ್ಟಿ ಹಾಕಿ ಉಜ್ಜಿದ್ದಾರೆ. ಪೇಂಟರುಗಳು ಕಣ್ಣಿನಿಂದ ನೋಡುವುದೂ ಇದನ್ನೇ.

ಜಾಗದ ವಿಷಯ ನಿಮ್ಮ ಲೇಖಕರು ಬರೆದಿಲ್ಲ, ಬೆಂಗಳೂರಿನ ಕಡೆಯವರು ಇರಬೇಕು. ನಮ್ಮಲ್ಲಿ ಕಾರು ನಿಲ್ಲುವುದು ತೋಟದ ಬದಿಯಲ್ಲಿ. ನೆರೆಯವರೊಬ್ಬರು ಬಿಳಿ ಆಲ್ಟೊವನ್ನು ಅಡಿಕೆ ಮರದ ನೆರಳಿನಲ್ಲಿ ನಿಲ್ಲಿಸಿ ಫೋಟೊ ಕಳಿಸಿದ್ದರು. ದುಬೈಯಿಂದ ಅವರ ಭಾವನ ಫೋನು: "ಭಾವಾ, ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ದಾ?" ನಿಜಕ್ಕೂ ಹಾಗೇ ಇತ್ತು. ಬಾಗಿಲಿನ ಕೆಳಗಿನ ಅರ್ಧಕ್ಕೆ ಹುಲ್ಲಿನ, ಸೊಪ್ಪಿನ ಹಸಿರು ಬಡಿದು, ಮೇಲಿನ ಅರ್ಧಕ್ಕೆ ಆಕಾಶದ ನೀಲಿ. ವೈಟ್ ಬ್ಯಾಲೆನ್ಸ್, ಅಂದರೆ ಇಡೀ ಫೋಟೊದ ಬಣ್ಣದ ಛಾಯೆ, ಸರಿ ಮಾಡಿದರೆ ಒಂದು ಹೋಗಿ ಇನ್ನೊಂದು ಜಾಸ್ತಿಯಾಗುತ್ತದೆ. ಕೆಂಪುಕಲ್ಲಿನ ಗೋಡೆಯ ಪಕ್ಕ ಬಿಳಿ ಕಾರು ನಿಂತರೆ ಅದೇ ರೀತಿ ಗುಲಾಬಿ. ಆಮೇಲೆ ತಿದ್ದಲು ಹೆಚ್ಚು ಅವಕಾಶ ಕೊಡುವ ರಾ ಫೈಲಿನಲ್ಲಿ ತೆಗೆದರೂ ಇದು ಪೂರ್ತಿ ಹೋಗದು. ಗಾಡಿಯನ್ನು ಬಯಲಿಗೆ ತನ್ನಿ, ಅಷ್ಟೇ ಮದ್ದು.

ಬಯಲು ಅಂದರೆ ನಮ್ಮಲ್ಲಿ ಅಡಿಕೆ ಅಂಗಳಕ್ಕಿಂತ ಒಳ್ಳೆಯ ಸ್ಟುಡಿಯೊ ಇಲ್ಲ. ಅಗಲ, ಸಮತಟ್ಟು, ಮೇಲೆ ಪೂರ್ತಿ ಆಕಾಶ, ಹದಿನೈದು ಹೆಜ್ಜೆ ಹಿಂದೆ ಹೋಗಲು ಜಾಗ. ಅಡಿಕೆ ಹರಡಿದ ಸಮಯದಲ್ಲಿ ಮಾತ್ರ ಕಾರು ತರುತ್ತೇನೆ ಅಂತ ಕೇಳಲೂ ಹೋಗಬೇಡಿ, ಬೈಗಳು ತಿನ್ನುತ್ತೀರಿ. ಆಗ ಶಾಲೆಯ ಮೈದಾನವೇ ಗತಿ, ರಜೆಯ ದಿನ ನೋಡಿ ಅನುಮತಿ ಕೇಳಿಕೊಂಡು. ಹೊಸ ಆರು ಪಥದ ಹೆದ್ದಾರಿಯ ಬದಿಯಲ್ಲಿ ಗಾಡಿ ನಿಲ್ಲಿಸಿ ರೀಲ್ಸ್ ಮಾಡುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಅಲ್ಲಿ ಲಾರಿ ಬರುವ ವೇಗ ಕ್ಯಾಮೆರಾದೊಳಗೆ ಗೊತ್ತಾಗುವುದಿಲ್ಲ.

ಹೊತ್ತು ಯಾವುದು? ಮಧ್ಯಾಹ್ನ ಬೇಡ, ಬೊನೆಟ್ಟಿನ ಮೇಲೆ ಬಿಳಿ ಬೆಂಕಿ, ಚಕ್ರದ ಕಡೆ ಕತ್ತಲೆ. ನಮ್ಮ ಕಡಲು ಪಡುವಣಕ್ಕೆ ಇರುವುದು ದೊಡ್ಡ ಭಾಗ್ಯ. ಸೂರ್ಯ ನೀರಿಗಿಳಿದ ಮೇಲಿನ ಹತ್ತು ಹದಿನೈದು ನಿಮಿಷ ಆಕಾಶವೇ ಒಂದು ದೊಡ್ಡ ಲೈಟು. ಮೆಟಾಲಿಕ್ ಬಣ್ಣದ ಗೆರೆಗಳೆಲ್ಲ ಆಗ ಬಿಡಿಬಿಡಿಯಾಗಿ ಕಾಣುತ್ತವೆ. ಟ್ರೈಪಾಡ್ ಬೇಕಾಗುತ್ತದೆ. ಗಾಡಿಯನ್ನು ಮರಳಿಗೆ ಇಳಿಸಬೇಡಿ, ಎಳೆಯಲು ಇನ್ನೊಂದು ಜೀಪು ಕರೆಸಬೇಕಾದೀತು. ಇನ್ನು ಮಳೆಗಾಲ. ಎಲ್ಲರೂ ಕ್ಯಾಮೆರಾ ಒಳಗಿಡುವ ಕಾಲ, ಆದರೆ ಎರಡು ಮಳೆಯ ನಡುವಿನ ಮೋಡದ ಬೆಳಕು ಕಪ್ಪು ಕಾರಿಗೂ ಒಪ್ಪುತ್ತದೆ. ಕಪ್ಪು ಕಾರು ಬೇರೆ ದಿನ ಸುತ್ತಲಿನ ಎಲ್ಲವನ್ನೂ ಮೈಮೇಲೆ ಹೊತ್ತುಕೊಂಡಿರುತ್ತದೆ.

ಸಣ್ಣ ಸಂಗತಿಗಳು ಒಂದೆರಡು. ಮುಂದಿನ ಚಕ್ರ ತಿರುಗಿಸಿ ನಿಲ್ಲಿಸುವಾಗ ರಿಮ್ಮು ಕ್ಯಾಮೆರಾ ಕಡೆ ಇರಲಿ, ಟಯರಿನ ಹಲ್ಲಲ್ಲ. ಹೊಸ ಗಾಡಿಗಳ ಎಲ್‌ಇಡಿ ದೀಪ ಕಣ್ಣಿಗೆ ಕಾಣದಷ್ಟು ವೇಗವಾಗಿ ಉರಿದು ಆರುತ್ತಿರಬಹುದು. ಷಟರ್ ವೇಗ ಸೆಕೆಂಡಿನ 1/1000 ಇಟ್ಟರೆ ಒಂದು ದೀಪ ಆರಿದ ಹಾಗೆ ಬರುತ್ತದೆ. 1/60ರ ಆಸುಪಾಸಿಗೆ ಇಳಿಸಿ. ಓಡುವ ಗಾಡಿಯ ಜೊತೆ ಕ್ಯಾಮೆರಾ ತಿರುಗಿಸಿ ತೆಗೆಯುವುದಕ್ಕೂ ಅದೇ ವೇಗ ಹೊಂದುತ್ತದೆ, ಚಕ್ರ ತಿರುಗುವುದು ಕಾಣುತ್ತದೆ, ಹಿಂದಿನ ಮರಗಳು ಗೆರೆಯಾಗುತ್ತವೆ. ಹತ್ತರಲ್ಲಿ ಒಂದು ಸರಿ ಬಂದರೆ ಖುಷಿಪಡಿ.

ಇನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಮ್ಮ ಕರಾವಳಿಯವರು ನೋಡಲೇಬೇಕಾದದ್ದು ಫಂಗಸ್. ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು, ಜೂನಿನಿಂದ ಚಪ್ಪಲಿಗೂ ಫಂಗಸ್ ಬರುತ್ತದೆ, ಲೆನ್ಸಿಗೆ ಬಾರದೆ ಇರುತ್ತದಾ? ಲೆನ್ಸ್ ಬಿಚ್ಚಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಹಾಗೆ ಕವಲೊಡೆದ ತೆಳು ಎಳೆ ಕಂಡರೆ ಬೇಡ ಅಂತ ವಾಪಸ್ ಕೊಡಿ. ಧೂಳಿನ ಒಂದೆರಡು ಕಣ ಇದ್ದರೆ ಪರವಾಗಿಲ್ಲ. ಆಮೇಲೆ ಎಫ್/16 ಇಟ್ಟು ಬಿಳಿ ಆಕಾಶದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ, ಸೆನ್ಸರಿನ ಮೇಲಿನ ಕಲೆಗಳೆಲ್ಲ ಬಯಲಾಗುತ್ತವೆ. ಷಟರ್ ಎಷ್ಟು ಸಲ ಬಿದ್ದಿದೆ ಅನ್ನುವುದನ್ನು ನಿಕಾನ್ ತನ್ನ ಫೋಟೊ ಫೈಲಿನೊಳಗೇ ಬರೆದಿಡುತ್ತದೆ. ಕ್ಯಾನನ್‌ನ ಹೆಚ್ಚಿನವುಗಳಲ್ಲಿ ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕು. ಡಿ3500ರ ಷಟರನ್ನು ಒಂದು ಲಕ್ಷ ಸಲಕ್ಕೆ ಪರೀಕ್ಷಿಸಿದ್ದಾರೆ, ಅದರ ಅರ್ಧ ದಾಟಿದ್ದರೆ ಬೆಲೆಯಲ್ಲಿ ಚೌಕಾಸಿ ಮಾಡಿ. ಮದುವೆಯವರ ಕ್ಯಾಮೆರಾ ಆದರೆ ಮೊದಲು ಇದನ್ನೇ ಕೇಳಿ.

ಗಲ್ಫಿನಿಂದ ತರಿಸುವವರು ಬಹಳ. ಅಲ್ಲಿ ಕೆಲವೊಮ್ಮೆ ಅಗ್ಗ, ಹೌದು. ಆದರೆ ಅಲ್ಲಿನ ವಾರಂಟಿ ಕಾರ್ಡು ಹೆಚ್ಚಾಗಿ ಇಲ್ಲಿ ನಡೆಯುವುದಿಲ್ಲ. ಉಳಿದ ಎರಡು ಮೂರು ಸಾವಿರಕ್ಕಾಗಿ ಅದನ್ನು ಬಿಡಬೇಕಾ ಅಂತ ಯೋಚಿಸಿ. ಬರುವವರ ಲಗೇಜಿನಲ್ಲಿ ಕ್ಯಾಮೆರಾ ಹಾಕಿಸುವುದಾದರೆ ಬಿಲ್ಲು ಕೂಡ ಹಾಕಿಸಿ, ಕಸ್ಟಮ್ಸಿನಲ್ಲಿ ಕೇಳಿದರೆ ತೋರಿಸಬಹುದು.

ತಂದ ಮೇಲೆ ಅದರ ಜೊತೆಗೆ ಬಂದ ಚೀಲದಲ್ಲಿ ಹಾಕಿ ಮರದ ಕಪಾಟಿನಲ್ಲಿಟ್ಟರೆ ಒಂದೇ ಮಳೆಗಾಲ ಸಾಕು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಸಾಧ್ಯವಾದರೆ ತೇವ ತೋರಿಸುವ ಸಣ್ಣ ಮೀಟರು. ಜೆಲ್ಲಿನ ನೀಲಿ ಕಾಳು ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ಅಕ್ಕಿಯೊಳಗೆ ಹೂತಿಡಿ ಅಂತ ಹೇಳುವವರ ಮಾತು ಕೇಳಬೇಡಿ, ಅಕ್ಕಿಯ ಹುಡಿಯೆಲ್ಲ ಲೆನ್ಸಿನ ಸಂದಿಗೆ ಹೋಗುತ್ತದೆ. ಇಷ್ಟೆಲ್ಲ ಮಾಡುವುದಕ್ಕಿಂತ ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸುವುದು ಇನ್ನೂ ಒಳ್ಳೆಯದು.

ಮೆಗಾಪಿಕ್ಸೆಲ್ ಬಗ್ಗೆ ನಿಮ್ಮ ಲೇಖನ, 45 ಇದ್ದರೆ ಪ್ರಿಂಟ್ ಚೆನ್ನಾಗಿ ಬರುತ್ತದೆ ಅಂತ ಹೇಳಿತ್ತು. ನಿಮ್ಮದೇ ಪತ್ರಿಕೆಯ ಲೆಕ್ಕ ಹಾಕೋಣ. ನಾಲ್ಕು ಕಾಲಂ ಫೋಟೊ ಅಂದರೆ ಆರೇಳು ಇಂಚು ಅಗಲ. ಇಂಚಿಗೆ 300 ಚುಕ್ಕಿ ಅಂತ ಹಿಡಿದರೂ 2100 ಪಿಕ್ಸೆಲ್ ಸಾಕು. 24 ಮೆಗಾಪಿಕ್ಸೆಲ್ ಫೋಟೊದ ಅಗಲ 6000. ಉಳಿದದ್ದು ಕತ್ತರಿಸಿ ಬಿಸಾಡಲಿಕ್ಕೆ. 4ಕೆ ಟಿವಿಯ ಪರದೆಯಲ್ಲೂ ಇರುವುದು 8 ಮೆಗಾಪಿಕ್ಸೆಲ್ ಮಾತ್ರ, ವಾಟ್ಸಾಪ್ ಅಂತೂ ಸಾಮಾನ್ಯವಾಗಿ ಫೋಟೊವನ್ನು ಹಿಂಡಿಯೇ ಕಳಿಸುತ್ತದೆ. ಶಾರ್ಜಾದ ಆ ಮಂಚದ ಮೇಲೆ 45 ಯಾರಿಗೂ ಕಾಣುವುದಿಲ್ಲ.

ಇನ್ನೊಂದು ದೂರು ಇದೆ. ನಿಮ್ಮ ಕಾರಿನ ಪುಟದಲ್ಲಿ ಬರುವ ಫೋಟೊಗಳೆಲ್ಲ ಕಂಪನಿಯವರು ಕೊಟ್ಟವು, ಯಾವುದೋ ದೇಶದ ಬೆಟ್ಟ, ಒದ್ದೆ ರಸ್ತೆ, ನಂಬರ್ ಪ್ಲೇಟ್ ಇಲ್ಲದ ಗಾಡಿ. ನಮ್ಮಲ್ಲಿ 1983ರಲ್ಲಿ ಶುರುವಾಗಿ 2014ರಲ್ಲಿ ನಿಂತುಹೋದ ಮಾರುತಿ 800 ಇನ್ನೂ ದಿನಾ ಪೇಟೆಗೆ ಹೋಗಿ ಬರುತ್ತದೆ. ಗುಡ್ಡೆಯ ಮನೆಗಳಿಗೆ ಗೊಬ್ಬರ ಹೊರುವ ಜೀಪುಗಳಿವೆ, ಟಾರ್ಪಾಲಿನ ಅಡಿಯಲ್ಲಿ ಮಲಗಿರುವ ಅಂಬಾಸಿಡರುಗಳಿವೆ. ಇವುಗಳ ಫೋಟೊ ತೆಗೆಯುವ ಹುಡುಗರೂ ಇದ್ದಾರೆ. ಎಲ್ಲ ಮಲಯಾಳಂ ವಿಡಿಯೊ ನೋಡಿ ಕಲಿತವರು, ಯಾಕೆಂದರೆ ಇದನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳುವವರು ಅವರಿಗೆ ಸಿಗಲಿಲ್ಲ. ವಾರಕ್ಕೊಂದು ಓದುಗರ ಕಾರಿನ ಫೋಟೊ ಹಾಕಿ. ಕೆಳಗೆ ಕ್ಯಾಮೆರಾ ಯಾವುದು, ಲೆನ್ಸ್ ಎಷ್ಟು, ಎಷ್ಟು ದೂರ ನಿಂತದ್ದು, ಯಾವ ಹೊತ್ತು ಅಂತ ಎರಡು ಸಾಲು ಬರೆಸಿ. ಬಹುಮಾನ ಬೇಡ, ತೆಗೆದವರ ಹೆಸರು, ಊರು ಸರಿಯಾಗಿ ಹಾಕಿದರೆ ಸಾಕು.

ಮುಂದಿನ ಸಲ ಬೆಲೆಪಟ್ಟಿ ಹಾಕುವಾಗ ಸೆಕೆಂಡ್ ಹ್ಯಾಂಡ್ ಬೆಲೆಗೂ ಒಂದು ಕಾಲಂ ಇರಲಿ, ಬಾಡಿಯ ಪಕ್ಕದಲ್ಲೇ ಫಿಲ್ಟರಿನ ಬೆಲೆಯೂ ಇರಲಿ.

ಇತಿ,
ನಿಮ್ಮ ಓದುಗ
ಸೀತಾಂಗೋಳಿ, ಕಾಸರಗೋಡು ಜಿಲ್ಲೆ